ಕೈ ರೇಡಿಯೋ: ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ವಾಕಿ-ಟಾಕಿ ಎಂದು ಜನಬಳಕೆಯಲ್ಲಿರುವ ಕೈ ರೇಡಿಯೋ ಒಂದು ಕಾಲದಲ್ಲಿ ಸೇನೆ ಮತ್ತು ಪೊಲೀಸ್ ಪಡೆಗಳ ಉಪಕರಣವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಬಳಸಿದ ಎಸ್‌ಸಿಆರ್-536 ಎಂಬ ಸೆಟ್ಟು ಸುಮಾರು 2.3 ಕಿಲೋಗ್ರಾಂ ತೂಗುತ್ತಿತ್ತು. ನೆಲದ ಮೇಲೆ ಅದರ ವ್ಯಾಪ್ತಿ ಸುಮಾರು ಒಂದೂವರೆ ಕಿಲೋಮೀಟರು ಮಾತ್ರ. ಇಂದು ಅಂಗಿಯ ಜೇಬಿನಲ್ಲಿ ಹಿಡಿಸುವ ಸೆಟ್ಟುಗಳು ಸಾಮಾನ್ಯ ಗ್ರಾಹಕರಿಗೂ ದೊರೆಯುತ್ತಿವೆ. ವಸತಿ ಸಂಕೀರ್ಣಗಳ ಕಾವಲುಗಾರರು, ಸಮಾರಂಭಗಳ ಸ್ವಯಂಸೇವಕರು, ಸಹ್ಯಾದ್ರಿಯ ಕೋಟೆಗಳನ್ನು ಏರುವ ಚಾರಣಿಗರು ಇವುಗಳನ್ನು ಬಳಸುತ್ತಾರೆ. ಮೊಬೈಲ್ ಸಂಪರ್ಕ ಸಿಗದ ಕಣಿವೆಯಲ್ಲಿ ಇಬ್ಬರ ನಡುವೆ ಉಳಿಯುವ ಕೊಂಡಿ ಇದೊಂದೇ ಆಗಿರಬಹುದು.

ಆದರೆ ಪೆಟ್ಟಿಗೆಯ ಮೇಲೆ "ವ್ಯಾಪ್ತಿ 10 ಕಿ.ಮೀ." ಎಂದು ಮುದ್ರಿಸಿರುವುದನ್ನೇ ನಂಬಿ ಹೊರಟ ತಂಡವೊಂದು ಎರಡು ಗುಂಪುಗಳಾಗಿ ಬೇರ್ಪಟ್ಟಿತೆಂದು ಭಾವಿಸಿರಿ. ಒಂದು ಕಿಲೋಮೀಟರು ಸರಿದೊಡನೆ ಧ್ವನಿ ಕಡಿದುಹೋದರೆ, ಗಾಯಗೊಂಡವನಿಗೆ ನೆರವು ಕೇಳುವ ದಾರಿಯೇ ಮುಚ್ಚಿದಂತೆ. ಆದಕಾರಣ ಈ ಉಪಕರಣದ ಸಾಮರ್ಥ್ಯವನ್ನು ಬಳಕೆದಾರರು ತಾವೇ ಅಳೆಯುವ ವಿಧಾನವನ್ನು ಅರಿತಿರುವುದು ಅವಶ್ಯಕ.

1. ಪರವಾನಗಿಯ ಪ್ರಶ್ನೆ

ಸಾಮರ್ಥ್ಯದ ವಿಚಾರಕ್ಕೆ ಮೊದಲು ಕಾನೂನಿನ ವಿಚಾರ. ರೇಡಿಯೋ ಅಲೆಗಳ ಆವೃತ್ತಿ, ಅಂದರೆ ಅಲೆಯು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದು, ಸಾರ್ವಜನಿಕ ಸಂಪತ್ತು. ಪೊಲೀಸ್, ಅಗ್ನಿಶಾಮಕ ದಳ, ವಿಮಾನಯಾನ ಮುಂತಾದ ಸೇವೆಗಳಿಗೆ ಬೇರೆ ಬೇರೆ ಆವೃತ್ತಿಗಳನ್ನು ಹಂಚಿಕೊಡಲಾಗಿದೆ. ಅವುಗಳಲ್ಲಿ ಅನಧಿಕೃತವಾಗಿ ಮಾತನಾಡಿದರೆ ತುರ್ತು ಸಂದೇಶಗಳಿಗೆ ಅಡ್ಡಿಯಾಗುತ್ತದೆ.

ಭಾರತದಲ್ಲಿ 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕೆಲಸ ಮಾಡುವ ಅಲ್ಪಶಕ್ತಿಯ ಕೈ ರೇಡಿಯೋಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಆದರೂ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದಿಂದ ಉಪಕರಣ ಮಾದರಿ ಅನುಮೋದನೆ ದೊರೆತಿರಬೇಕು. ಅಮೆರಿಕದಲ್ಲಿ ಮನೆಮಂದಿಯ ಬಳಕೆಗೆ ಮಾರುವ ಸೆಟ್ಟುಗಳು 462 ಮತ್ತು 467 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಅವು ನ್ಯಾಯಸಮ್ಮತವಾದರೂ ಇಲ್ಲಿನ ವಿನಾಯಿತಿ ಅವುಗಳಿಗೆ ಅನ್ವಯಿಸುವುದಿಲ್ಲ. ವಿದೇಶದಲ್ಲಿರುವ ಬಂಧುಗಳು ಉಡುಗೊರೆಯಾಗಿ ತಂದುಕೊಟ್ಟ ಸೆಟ್ಟುಗಳ ವಿಷಯದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಆನ್‌ಲೈನ್ ಮಾರಾಟದಲ್ಲಿ ಈ ವಿವರಗಳು ಮರೆಯಾಗುತ್ತಿದ್ದುದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಸೆಟ್ಟು ಯಾವ ಆವೃತ್ತಿಯದು, ಪರವಾನಗಿ ಬೇಕೇ, ಅನುಮೋದನೆ ಇದೆಯೇ ಎಂಬುದು ಸ್ಪಷ್ಟವಾಗಿ ತಿಳಿಯದ ಹೊರತು ಹಣ ತೆರದಿರುವುದೇ ಲೇಸು.

2. ದೂರವನ್ನು ನಿರ್ಧರಿಸುವ ಅಂಶಗಳು

446 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 67 ಸೆಂಟಿಮೀಟರು. ಇಂತಹ ಗಿಡ್ಡ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಬಯಲಿನಲ್ಲಿಯೂ ಅವುಗಳಿಗೆ ಒಂದು ಮಿತಿಯಿದೆ. ಇದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಇಬ್ಬರ ಆಂಟೆನಾಗಳೂ ನೆಲದಿಂದ ಎಷ್ಟು ಮೀಟರು ಎತ್ತರದಲ್ಲಿವೆ ಎಂದು ನೋಡಿ, ಆ ಎರಡು ಸಂಖ್ಯೆಗಳ ವರ್ಗಮೂಲಗಳನ್ನು ಕೂಡಿಸಿ, ಬಂದ ಮೊತ್ತವನ್ನು 4.12ರಿಂದ ಗುಣಿಸಿದರೆ ಗರಿಷ್ಠ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ.

ಸಮತಟ್ಟಾದ ಬಯಲಿನಲ್ಲಿ ಇಬ್ಬರು ನಿಂತಿದ್ದಾರೆ, ಆಂಟೆನಾ ಒಂದೂವರೆ ಮೀಟರು ಎತ್ತರದಲ್ಲಿದೆ ಎಂದುಕೊಳ್ಳೋಣ. 1.5ರ ವರ್ಗಮೂಲ 1.22, ಎರಡೂ ಸೇರಿ 2.44, ಗುಣಿಸಿದರೆ ಸುಮಾರು 10 ಕಿಲೋಮೀಟರು. ಇದು ಮರ, ಮನೆ, ದಿಣ್ಣೆ ಯಾವುದೂ ಇಲ್ಲದ ಆದರ್ಶ ಸ್ಥಿತಿಯ ಮೇಲ್ಮಿತಿ. ಅದೇ ಒಬ್ಬರು ಪುಣೆಯ ಸಮೀಪದ ಸಿಂಹಗಡವನ್ನು ಏರಿ, ಸುತ್ತಲಿನ ನೆಲಕ್ಕಿಂತ 700 ಮೀಟರು ಎತ್ತರದಲ್ಲಿ ನಿಂತರೆ ಲೆಕ್ಕವು 114 ಕಿಲೋಮೀಟರಿಗೆ ಏರುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳ ಗುಟ್ಟು ಇಲ್ಲಿದೆ. ಅವು ಸಾಮಾನ್ಯವಾಗಿ ಬೆಟ್ಟದ ನೆತ್ತಿಯಿಂದ ಬಯಲಿಗೆ ಸಿಗುವಂತಹ ಅನುಕೂಲ ಸ್ಥಿತಿಯ ಅಂಕಿಗಳು. ಬೀದಿಯಲ್ಲಿ ನಡೆಯುವವರ ಅನುಭವಕ್ಕೆ ಬರತಕ್ಕವಲ್ಲ. ಅರ್ಧ ವಾಟ್ ಶಕ್ತಿಯ ಸೆಟ್ಟಿಗೆ ಮುಂಬಯಿಯಂತಹ ದಟ್ಟ ನಗರದಲ್ಲಿ ಒಂದೆರಡು ಕಿಲೋಮೀಟರು ದೊರೆತರೆ ಅದೇ ಹೆಚ್ಚು. ಕಾಂಕ್ರೀಟ್ ಕಟ್ಟಡಗಳ ಒಳಗೆ ಇನ್ನೂ ಕಡಿಮೆ.

ಹಾಗಾದರೆ ಶಕ್ತಿ ಹೆಚ್ಚಿಸಿದರೆ ದೂರ ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ, ಆದರೆ ನಾವು ಎಣಿಸಿದಷ್ಟಲ್ಲ. ಅಡೆತಡೆಯಿಲ್ಲದ ಅವಕಾಶದಲ್ಲಿ ದೂರವನ್ನು ಇಮ್ಮಡಿಗೊಳಿಸಲು ನಾಲ್ಕು ಪಟ್ಟು ಶಕ್ತಿ ಬೇಕು. ನೆಲಕ್ಕೆ ಸಮೀಪದಲ್ಲಿ ಸಾಗುವ ಅಲೆಗೆ ಹದಿನಾರು ಪಟ್ಟು ಬೇಕಾಗಬಹುದು. ಅರ್ಧ ವಾಟಿನಿಂದ ಐದು ವಾಟಿಗೆ ಏರಿದರೂ ನೆಲಮಟ್ಟದಲ್ಲಿ ವ್ಯಾಪ್ತಿಯು ಎರಡರಷ್ಟೂ ಆಗದು. ಬ್ಯಾಟರಿ ಮಾತ್ರ ಬೇಗ ಬರಿದಾಗುತ್ತದೆ. ಹತ್ತು ಹೆಜ್ಜೆ ಮೇಲೇರಿ ನಿಲ್ಲುವುದು ಅನೇಕ ವೇಳೆ ಹೆಚ್ಚು ಫಲಕಾರಿ.

3. ವಿವರಪಟ್ಟಿಯನ್ನು ಓದುವ ಕ್ರಮ

ಸೆಟ್ಟಿನೊಡನೆ ಬರುವ ಕೈಪಿಡಿಯಲ್ಲಿ ಕೆಳಗಿನ ಅಂಶಗಳನ್ನು ಗುರುತಿಸಬೇಕು.

ಸೂಕ್ಷ್ಮಗ್ರಾಹಿತ್ವ: ಎಷ್ಟು ಕ್ಷೀಣವಾದ ಸಂಕೇತವನ್ನು ಸೆಟ್ಟು ಹಿಡಿಯಬಲ್ಲದು ಎಂಬುದರ ಅಳತೆ. ಇದನ್ನು ಮೈಕ್ರೋವೋಲ್ಟ್‌ಗಳಲ್ಲಿ ಸೂಚಿಸುತ್ತಾರೆ. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಸೆಟ್ಟು ಉತ್ತಮ, 0.25 ಮೈಕ್ರೋವೋಲ್ಟ್ ಇರುವುದು 0.5 ಇರುವುದಕ್ಕಿಂತ ಮೇಲು.

ಬೇರ್ಪಡಿಸುವ ಗುಣ: ಪಕ್ಕದ ಚಾನೆಲ್ಲಿನ ಮಾತನ್ನು ತಡೆದು ನಮ್ಮ ಚಾನೆಲ್ಲನ್ನು ಮಾತ್ರ ಕೇಳಿಸುವ ಶಕ್ತಿ. ಜಾತ್ರೆ, ಮೆರವಣಿಗೆಗಳಲ್ಲಿ ಹಲವು ತಂಡಗಳು ಏಕಕಾಲಕ್ಕೆ ಮಾತನಾಡುವಾಗ ಇದರ ಬೆಲೆ ತಿಳಿಯುತ್ತದೆ.

ಸ್ವರಸಂಕೇತ: ಜಾಹೀರಾತುಗಳು ಇದನ್ನು "ಪ್ರೈವೆಸಿ ಕೋಡ್" ಎನ್ನುವುದುಂಟು. ಇದು ಗುಟ್ಟನ್ನು ಕಾಯುವುದಿಲ್ಲ. ಬೇರೆಯವರ ಮಾತು ನಮ್ಮ ಸೆಟ್ಟಿನಲ್ಲಿ ಕೇಳದಂತೆ ಮಾಡುತ್ತದೆಯೇ ಹೊರತು, ನಮ್ಮ ಮಾತನ್ನು ಅದೇ ಚಾನೆಲ್ಲಿನಲ್ಲಿರುವ ಇತರರು ಕೇಳದಂತೆ ತಡೆಯುವುದಿಲ್ಲ.

ನೀರು, ಧೂಳಿನಿಂದ ರಕ್ಷಣೆ: ಐಪಿ ಎಂಬ ಅಕ್ಷರಗಳ ಮುಂದಿನ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಐಪಿ54 ಸೆಟ್ಟು ನೀರಿನ ಎರಚಲನ್ನು ತಡೆಯಬಲ್ಲದು. ಐಪಿ67 ಸೆಟ್ಟು ಒಂದು ಮೀಟರು ನೀರಿನಲ್ಲಿ 30 ನಿಮಿಷ ಮುಳುಗಿದರೂ ಉಳಿಯಬೇಕು.

ಬ್ಯಾಟರಿ: ತಯಾರಕರು ಸಾಮಾನ್ಯವಾಗಿ ಶೇಕಡ 5 ಸಮಯ ಮಾತು, 5 ಆಲಿಕೆ, 90 ಮೌನ ಎಂಬ ಲೆಕ್ಕದ ಮೇಲೆ ಬ್ಯಾಟರಿಯ ಬಾಳಿಕೆಯನ್ನು ಹೇಳುತ್ತಾರೆ. ಉದಾಹರಣೆಗಾಗಿ, ಮಾತನಾಡುವಾಗ 400, ಆಲಿಸುವಾಗ 120, ಮೌನದಲ್ಲಿ 30 ಮಿಲಿಆಂಪಿಯರ್ ವಿದ್ಯುತ್ತು ವ್ಯಯವಾಗುವ ಸೆಟ್ಟಿಗೆ 1000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಇದೆಯೆನ್ನೋಣ. ಮೇಲಿನ ಲೆಕ್ಕದಂತೆ ಸರಾಸರಿ ವ್ಯಯ 53. ಬ್ಯಾಟರಿ ಸುಮಾರು 19 ಗಂಟೆ ಬರುತ್ತದೆ. ಆದರೆ ಕಾಲು ಭಾಗ ಸಮಯ ಮಾತು, ಕಾಲು ಭಾಗ ಆಲಿಕೆ ಎಂದಾದರೆ ಸರಾಸರಿ 145ಕ್ಕೆ ಏರಿ, ಅದೇ ಬ್ಯಾಟರಿ 7 ಗಂಟೆಗೇ ಮುಗಿಯುತ್ತದೆ. ಹಿಮಾಲಯದ ಚಳಿಯಲ್ಲಿ ಇನ್ನೂ ಬೇಗ ಕುಗ್ಗುತ್ತದೆ.

4. ಬಯಲು ಪರೀಕ್ಷೆ

ಪ್ರಯೋಗಶಾಲೆಯ ಉಪಕರಣಗಳಿಲ್ಲದೆಯೂ ಇಬ್ಬರು ವ್ಯಕ್ತಿಗಳು ಅರ್ಧ ದಿನದಲ್ಲಿ ಸೆಟ್ಟುಗಳನ್ನು ಪರೀಕ್ಷಿಸಬಹುದು.

(ಅ) ಬ್ಯಾಟರಿಗಳನ್ನು ಪೂರ್ಣ ಚಾರ್ಜ್ ಮಾಡಿರಿ. ಒಂದೊಂದು ಸ್ಥಳದಲ್ಲಿ ಓದಲು ಹತ್ತು ಹತ್ತು ಪದಗಳ ಪಟ್ಟಿಗಳನ್ನು ಬರೆದುಕೊಳ್ಳಿರಿ. ಕೇಳುವವರಿಗೆ ಪಟ್ಟಿ ಮೊದಲೇ ತಿಳಿದಿರಬಾರದು. ಮೂರು, ಆರು, ನೂರು. ಎಪ್ಪತ್ತು, ಎಂಬತ್ತು, ಒಂಬತ್ತು - ಹೀಗೆ ಕಿವಿಗೆ ಒಂದರಂತೆ ಇನ್ನೊಂದು ಕೇಳಿಸುವ ಪದಗಳಿರಲಿ. "ಹಲೋ, ಕೇಳಿಸುತ್ತಿದೆಯೇ?" ಎಂಬ ಮಾತು ಪರೀಕ್ಷೆಯಾಗಲಾರದು, ಅದನ್ನು ಎಲ್ಲರೂ ಊಹಿಸಿಕೊಳ್ಳಬಲ್ಲರು.

(ಆ) ಒಬ್ಬರು ಒಂದೆಡೆ ನಿಲ್ಲಲಿ. ಇನ್ನೊಬ್ಬರು ಪ್ರತಿ 200 ಮೀಟರಿಗೆ ನಿಂತು ಪಟ್ಟಿಯನ್ನು ಓದಲಿ. ಸೆಟ್ಟು ನೆಟ್ಟಗಿರಲಿ, ಬಾಯಿಗೆ ಸುಮಾರು 5 ಸೆಂಟಿಮೀಟರು ದೂರವಿರಲಿ. ಗುಂಡಿ ಒತ್ತಿ, ಕ್ಷಣಕಾಲ ತಡೆದು ಮಾತನಾಡಬೇಕು. ಇಲ್ಲವಾದರೆ ಮೊದಲ ಅಕ್ಷರ ನುಂಗಿಹೋಗುತ್ತದೆ.

(ಇ) ಕೇಳಿದವರು ಪದಗಳನ್ನು ಬರೆದುಕೊಳ್ಳಲಿ. ಅನಂತರ ಅವರು ಓದಲಿ, ಇವರು ಬರೆದುಕೊಳ್ಳಲಿ. ಒಂದು ದಿಕ್ಕಿನಲ್ಲಿ ಕೇಳಿಸಿ ಇನ್ನೊಂದರಲ್ಲಿ ಕೇಳಿಸದಿರುವುದು ಅಪರೂಪವಲ್ಲ.

(ಈ) ಧ್ವನಿ ಕಡಿದರೆ ಎರಡು ಹೆಜ್ಜೆ ಸರಿದು ಮತ್ತೆ ಯತ್ನಿಸಿರಿ. ಗೋಡೆಗಳಿಂದ ಪ್ರತಿಫಲಿಸಿದ ಅಲೆಗಳು ನೇರ ಅಲೆಯನ್ನು ಒಂದು ಬಿಂದುವಿನಲ್ಲಿ ಅಳಿಸಿದರೂ ಅರ್ಧ ಮೀಟರು ಆಚೆ ಅದು ಸಿಗಬಹುದು.

(ಉ) ಬಯಲು, ಕಟ್ಟಡಗಳ ಬೀದಿ, ಬಹುಮಹಡಿ ಮನೆಯ ಮೆಟ್ಟಿಲು ಈ ಮೂರೂ ಕಡೆ ಪರೀಕ್ಷೆ ನಡೆಸಿರಿ. ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಮ್ಮೆ, ಬ್ಯಾಟರಿ ಅರ್ಧಕ್ಕಿಳಿದ ಮೇಲೆ ಮತ್ತೊಮ್ಮೆ ಪುನರಾವರ್ತಿಸಿರಿ. ದೇಹವು ಅಲೆಯ ಒಂದಂಶವನ್ನು ಹೀರಿಕೊಳ್ಳುವುದರಿಂದ ಸೊಂಟದಲ್ಲಿದ್ದಾಗ ವ್ಯಾಪ್ತಿ ತಗ್ಗುತ್ತದೆ.

ಎರಡು ದಿಕ್ಕಿನಲ್ಲಿಯೂ ಹತ್ತರಲ್ಲಿ ಒಂಬತ್ತು ಪದಗಳಾದರೂ ಸರಿಯಾಗಿ ತಲುಪಿದ ಕಟ್ಟಕಡೆಯ ಸ್ಥಳವನ್ನು ಆ ಸೆಟ್ಟಿನ "ಕೆಲಸದ ವ್ಯಾಪ್ತಿ" ಎಂದು ಪರಿಗಣಿಸಬಹುದು. ನಿಜವಾದ ಬಳಕೆಯಲ್ಲಿ ಅದಕ್ಕಿಂತಲೂ ಕಡಿಮೆ ದೂರವನ್ನು ನೆಚ್ಚಿಕೊಂಡು ಯೋಜನೆ ಹಾಕಬೇಕು. ಎರಡು ಮಾದರಿಗಳನ್ನು ಹೋಲಿಸುವಾಗ ಅದೇ ದಾರಿ, ಅದೇ ದಿನ, ಅದೇ ವ್ಯಕ್ತಿಗಳು ಇರಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

5. ಉಪಸಂಹಾರ

ಕೈ ರೇಡಿಯೋ ಉಪಯುಕ್ತವಾದ ಸಾಧನ, ಆದರೆ ಮಿತಿಗಳುಳ್ಳ ಸಾಧನ. ಅದರ ಮಿತಿಯನ್ನು ಅರಿತವರಿಗೆ ಅದು ನೆರವು. ಅರಿಯದವರಿಗೆ ಹುಸಿ ಧೈರ್ಯ. ಚಾರಣಕ್ಕೆ ಹೊರಡುವ ತಂಡವು ಸಂಪರ್ಕ ತಪ್ಪಿದರೆ ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕೆಂಬುದನ್ನು ಮೊದಲೇ ಗೊತ್ತುಪಡಿಸಿಕೊಂಡಿರಬೇಕು. ಮೊಬೈಲ್ ಸಂಪರ್ಕ ದೊರೆಯುವ ಕಡೆ ತುರ್ತು ನೆರವಿಗಾಗಿ 112ಕ್ಕೆ ಕರೆ ಮಾಡಬೇಕು. ಮಾರಾಟಗಾರರು ತಪ್ಪು ಮಾಹಿತಿ ನೀಡಿ ಸೆಟ್ಟನ್ನು ಮಾರಿದ್ದರೆ, ರಸೀದಿ ಮತ್ತು ಜಾಹೀರಾತಿನ ಪ್ರತಿಯನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದು. ಪೆಟ್ಟಿಗೆಯ ಮೇಲಿನ ಅಂಕಿಗಿಂತ ತಾವೇ ನಡೆದು ಅಳೆದ ದೂರವೇ ಪ್ರಮಾಣವೆಂಬುದನ್ನು ಗ್ರಾಹಕರು ಮರೆಯಬಾರದು.

ಅಭ್ಯಾಸಕ್ಕಾಗಿ

1. ನಾಲ್ಕು ಮೀಟರು ಎತ್ತರದ ಚಾವಣಿಯ ಮೇಲೆ ಒಂದು ಆಂಟೆನಾ, ಒಂದು ಮೀಟರು ಎತ್ತರದಲ್ಲಿ ಇನ್ನೊಂದು ಇದ್ದರೆ ಬಯಲಿನಲ್ಲಿ ಗರಿಷ್ಠ ದೂರವೆಷ್ಟು? (ಉತ್ತರ: ಸುಮಾರು 12 ಕಿ.ಮೀ.)
2. ಸ್ವರಸಂಕೇತವನ್ನು ಬಳಸಿದರೂ ಮಾತು ಗೋಪ್ಯವಾಗಿ ಉಳಿಯುವುದಿಲ್ಲ, ಏಕೆ?
3. ನಿಮ್ಮ ವಸತಿ ಸಂಕೀರ್ಣದಲ್ಲಿ ಬಯಲು ಪರೀಕ್ಷೆಯನ್ನು ನಡೆಸಲು ಒಂದು ದಾರಿಯನ್ನೂ ಹತ್ತು ಪದಗಳ ಒಂದು ಪಟ್ಟಿಯನ್ನೂ ಸಿದ್ಧಪಡಿಸಿರಿ.