ಎರೆ ಹೊಲದಲ್ಲಿ ಸಣ್ಣ ಟ್ರಾಕ್ಟರ್ ಎಳೆದೀತೇ?

ಮಿರಗದ ಮಳೆ ಹತ್ತಿರ ಬಂದಂತೆ ಟ್ರಾಕ್ಟರ್ ಕುರಿತ ಪತ್ರಗಳು ಹೆಚ್ಚುತ್ತವೆ. ಈ ಸಲ ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಬಂದ ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರವಿದೆ. ಬರೆದವರ ಹೆಸರು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮದು ಹತ್ತಿಕುಣಿ. ಒಟ್ಟು ಆರು ಎಕರೆ. ನಾಲ್ಕು ಎಕರೆ ಎರೆಯಲ್ಲಿ ಮಳೆ ನಂಬಿ ತೊಗರಿ, ಹತ್ತಿ ಹಾಕುತ್ತೇವೆ. ಎರಡು ಎಕರೆ ಮಸಾರಿಗೆ ಜಲಾಶಯದ ಕಾಲುವೆ ನೀರು ಬಂದ ವರ್ಷ ಶೇಂಗಾ ಬಿತ್ತುತ್ತೇವೆ. ಎತ್ತು ಮಾರಿಬಿಟ್ಟಿದ್ದೇವೆ. ಹದ ಇದ್ದಾಗ ಬಾಡಿಗೆ ಟ್ರಾಕ್ಟರ್ ಸಿಗುವುದಿಲ್ಲ, ಸಿಕ್ಕಾಗ ಹದ ಇರುವುದಿಲ್ಲ. 24 ಎಚ್‌ಪಿಯ ಸಣ್ಣ ಟ್ರಾಕ್ಟರ್ ತರಬೇಕೆಂದಿದ್ದೇನೆ. ಊರವರು "ಎರ್ಯಾಗ ಅದು ಎಳಿಯಂಗಿಲ್ಲ, ರೊಕ್ಕ ಹಾಳು" ಎಂದು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎತ್ತು ಮಾರಿದ ಮೇಲೆ ಹದ ತಪ್ಪೀತು ಎಂಬ ನಿಮ್ಮ ಅಂಜಿಕೆ ನ್ಯಾಯವಾದದ್ದು. ಎರೆ ನೆಲ ಹಸಿ ಇದ್ದಾಗ ಕಾಲಿಗೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ನಡುವೆ ಕೆಲಸಕ್ಕೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಮನೆಯಲ್ಲೇ ಒಂದು ಯಂತ್ರ ಇರಲಿ ಎಂದು ನೀವು ಬಯಸಿದ್ದರಲ್ಲಿ ತಪ್ಪೇನೂ ಇಲ್ಲ. ಊರವರ ಮಾತಿನಲ್ಲೂ ನಿಜವಿದೆ, ಆದರೆ ಅದು ಒಂದು ಕೆಲಸಕ್ಕೆ ಮಾತ್ರ ಅನ್ವಯಿಸುತ್ತದೆ. ಆ ಕೆಲಸ ಯಾವುದೆಂದು ಬಿಡಿಸಿ ಹೇಳುತ್ತೇನೆ.

ಟ್ರಾಕ್ಟರ್ ನೇಗಿಲನ್ನು ಎಳೆಯುವುದು ಬರೀ ಎಚ್‌ಪಿಯಿಂದಲ್ಲ. ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆ, ಆ ಚಕ್ರ ನೆಲವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದೇ ಮುಖ್ಯ. ಎತ್ತು ಎಷ್ಟೇ ಹುರುಪಿನದಾದರೂ ಕಾಲು ಜಾರಿದರೆ ನೊಗ ಎಳೆಯಲಾರದಲ್ಲ, ಹಾಗೆಯೇ ಇದೂ. 45–50 ಎಚ್‌ಪಿ ಟ್ರಾಕ್ಟರ್ ಸುಮಾರು ಎರಡು ಟನ್ ತೂಗುತ್ತದೆ. ನೀವು ನೋಡುತ್ತಿರುವ ಸಣ್ಣ ಟ್ರಾಕ್ಟರ್ ಒಂದು ಟನ್ನಿನ ಆಸುಪಾಸು, ಕೆಲವು ಮಾದರಿ ಅದಕ್ಕಿಂತಲೂ ಹಗುರ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಯಲ್ಲಿ ಪಲ್ಟಿ ನೇಗಿಲು (ಮಣ್ಣನ್ನು ಆಳದಿಂದ ಮಗುಚಿ ಹಾಕುವ ಕಬ್ಬಿಣದ ನೇಗಿಲು) ಹೂಡಿದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಊರವರು ಕಂಡಿರುವುದು ಇದನ್ನೇ.

ಆದರೆ ನಿಮ್ಮ ನಾಲ್ಕು ಎಕರೆಗೆ ಪಲ್ಟಿ ಹೊಡೆಯುವ ಕೆಲಸ ಪ್ರತಿ ವರ್ಷ ಇರುವುದಿಲ್ಲ. ಜೇಕು, ಕರಿಕೆ ಹೆಚ್ಚಾದಾಗ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಅದೂ ಬೇಸಿಗೆಯ ಕೆಲಸ, ಯಾರಿಗೂ ಅವಸರವಿರದ ಕಾಲ. ಆಗ ದೊಡ್ಡ ಟ್ರಾಕ್ಟರನ್ನು ಬಾಡಿಗೆಗೆ ಕರೆಸಿ. 2014–15ರಿಂದ ರಾಜ್ಯದಲ್ಲಿ ನಡೆಯುತ್ತಿರುವ 'ಕೃಷಿ ಯಂತ್ರಧಾರೆ' ಬಾಡಿಗೆ ಕೇಂದ್ರಗಳಲ್ಲೂ ವಿಚಾರಿಸಿ. ಹದ ನೋಡಿ ಅವಸರದಲ್ಲಿ ಮಾಡಬೇಕಾದ ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು, ಔಷಧ ಸಿಂಪಡಿಸುವುದು, ಗೊಬ್ಬರ ಸಾಗಿಸುವುದು ಇವೆಲ್ಲ ಸಣ್ಣ ಟ್ರಾಕ್ಟರಿನಿಂದ ಆಗುತ್ತವೆ. ನಿಮಗೆ ನಾನು ಹೇಳುವುದು ಇಷ್ಟೇ: ಆಳದ ಉಳುಮೆ ಬಾಡಿಗೆಗೆ, ಹದದ ಕೆಲಸ ಮನೆಗೆ.

ಎರೆಗೆ ನಾಲ್ಕೂ ಚಕ್ರ ಎಳೆಯುವ (ಫೋರ್ ವ್ಹೀಲ್ ಡ್ರೈವ್) ಮಾದರಿಯೇ ಇರಲಿ. ಹಗುರ ಟ್ರಾಕ್ಟರಿಗೆ ಮುಂದಿನ ಚಕ್ರದ ಎಳೆತವೂ ಸೇರಿದರೆ ಜಾರುವುದು ಬಹಳ ಕಡಿಮೆಯಾಗುತ್ತದೆ. ಮಹೀಂದ್ರಾ ಜಿವೊ 245, ಕುಬೋಟಾ ಬಿ2441, ನಮ್ಮ ಬೆಂಗಳೂರಿನದೇ ಆದ ವಿಎಸ್‌ಟಿ ಕಂಪನಿಯ ಮಾದರಿಗಳು ಈ ಗಾತ್ರದಲ್ಲಿ ಸಿಗುತ್ತವೆ. ಯಾವುದು ಮೇಲು ಎಂದು ನಾನು ಹೇಳುವುದಿಲ್ಲ. ಯಾದಗಿರಿಯಲ್ಲಿ ಯಾವ ಕಂಪನಿಯ ಮೆಕ್ಯಾನಿಕ್ ಕರೆದ ದಿನವೇ ಬರುತ್ತಾನೆ, ಯಾವುದರ ಬಿಡಿಭಾಗ ಅಂಗಡಿಯಲ್ಲಿ ಕೈಗೆ ಸಿಗುತ್ತದೆ ಎಂದು ಈಗಾಗಲೇ ಕೊಂಡಿರುವ ಇಬ್ಬರು ಮೂವರನ್ನು ಕೇಳಿ. ಬಿತ್ತುವ ವಾರದಲ್ಲಿ ಟ್ರಾಕ್ಟರ್ ಶೆಡ್ಡಿನಲ್ಲಿ ನಿಂತರೆ ಅದರ ಉಳಿದ ಗುಣಗಳಿಂದ ನಿಮಗೆ ಉಪಯೋಗವಿಲ್ಲ.

ಶೋರೂಮಿಗೆ ಹೋಗುವ ಮುಂಚೆ ಟೇಪು ಹಿಡಿದು ಹೊಲಕ್ಕೆ ಹೋಗಿ. ನಿಮ್ಮ ಹತ್ತಿ, ತೊಗರಿ ಸಾಲಿನಿಂದ ಸಾಲಿಗೆ ಎಷ್ಟು ಅಂತರ? ಮೂರು ಅಡಿ ಇದ್ದರೆ ಸಣ್ಣ ಟ್ರಾಕ್ಟರ್ ಎರಡು ಸಾಲಿನ ನಡುವೆ ತೂರುವುದಿಲ್ಲ. ಬಹುತೇಕ ಮಾದರಿಗಳ ಹೊರ ಅಗಲವೇ ಮೂರು ಅಡಿ ದಾಟುತ್ತದೆ. ಆಗ ಹಿಂದಿನ ಎರಡು ಚಕ್ರಗಳ ನಡುಮಧ್ಯದ ಅಂತರವನ್ನು ಸರಿಯಾಗಿ ಮೂರು ಅಡಿಗೆ ಹೊಂದಿಸಿ, ಒಂದು ಸಾಲನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಓಡಿಸಬೇಕು. ರಿಮ್ ತಿರುವಿ ಹಾಕಿದರೆ ಈ ಅಂತರ ಬದಲಾಗುತ್ತದೆ, ಡೀಲರ್ ಮಾಡಿ ತೋರಿಸಲಿ. ಬೆಳೆ ಒಂದಡಿ ಎತ್ತರ ಬರುವವರೆಗೆ ಮಾತ್ರ ಇದು ನಡೆಯುತ್ತದೆ, ಆಮೇಲೆ ಕುಡಿ ಮುರಿಯುತ್ತದೆ. ಮುಂದೆಯೂ ಎಡೆ ಹೊಡೆಯಬೇಕೆಂದರೆ ಈ ಸಲವೇ ಸಾಲನ್ನು ನಾಲ್ಕು ಅಡಿಗೆ ಬಿತ್ತಿ. ತೊಗರಿ ಕವಲೊಡೆದು ಆ ಜಾಗ ತುಂಬಿಕೊಳ್ಳುತ್ತದೆ, ಇಳುವರಿಗೆ ಹೆದರಬೇಡಿ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಿಮ್ಮ ತಳಿಯ ಹೆಸರು ಹೇಳಿ ಅಂತರ ಕೇಳಿಕೊಳ್ಳಿ.

ಇನ್ನು ರೊಕ್ಕದ ಮಾತು, ಇದನ್ನು ನಿಧಾನವಾಗಿ ಓದಿ. ಐದು ಲಕ್ಷ ಸಾಲ ಮಾಡಿ ಐದು ವರ್ಷಕ್ಕೆ ತೀರಿಸುತ್ತೀರಿ ಎಂದುಕೊಳ್ಳಿ. ಅಸಲು ಒಂದೇ ವರ್ಷಕ್ಕೆ ಒಂದು ಲಕ್ಷ. ಅದರ ಮೇಲೆ ಬಡ್ಡಿ, ವಿಮೆ, ಸರ್ವಿಸ್, ಡೀಸೆಲ್. ಹೋದ ವರ್ಷ ಆರು ಎಕರೆಗೆ ನೀವು ಕೊಟ್ಟ ಬಾಡಿಗೆಯನ್ನು ಒಂದು ಹಾಳೆಯ ಮೇಲೆ ಬರೆದು ಕೂಡಿಸಿ. ಅದು ಒಂದು ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಸ್ವಂತ ಆರು ಎಕರೆಯೊಂದನ್ನೇ ನಂಬಿ ಕೊಳ್ಳಬೇಡಿ. ಅಣ್ಣತಮ್ಮಂದಿರ, ಪಕ್ಕದ ಹೊಲದವರ ಹದಿನೈದಿಪ್ಪತ್ತು ಎಕರೆಗೆ ಎಡೆ ಹೊಡೆಯುವ, ಔಷಧ ಸಿಂಪಡಿಸುವ ಕೆಲಸ ಮಾತಾಡಿಕೊಂಡು ಕೊಳ್ಳಿ. ಯಾರೂ ಒಪ್ಪದಿದ್ದರೆ ಈ ವರ್ಷ ತಡೆಯಿರಿ.

ಸಾಲವನ್ನು ಮೊದಲು ಸಹಕಾರಿ ಬ್ಯಾಂಕಿನಲ್ಲಿ ಕೇಳಿ. ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲವನ್ನು ಶೇ 3ರ ಬಡ್ಡಿಗೆ ಕೊಡುವ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 15 ಲಕ್ಷಕ್ಕೆ ಏರಿಸಿತು. ಸಹಾಯಧನಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿ. ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರ ಲೆಕ್ಕದಲ್ಲಿ ಕೊಡುತ್ತಾರಾದರೂ ಅದಕ್ಕೊಂದು ಗರಿಷ್ಠ ಮೊತ್ತವಿದೆ, ಸಾಮಾನ್ಯ ವರ್ಗದವರಿಗೆ ಅರ್ಧ ಬೆಲೆಗೆ ಸಿಗುತ್ತದೆಂದು ನಂಬಿ ಕೂರಬೇಡಿ. ಮಂಜೂರಾತಿ ಕೈಗೆ ಬರುವ ಮುಂಚೆ ಟ್ರಾಕ್ಟರ್ ಬಿಡಿಸಿಕೊಂಡರೆ ಸಹಾಯಧನ ಕೈತಪ್ಪುತ್ತದೆ. ಬೆಲೆಪಟ್ಟಿಯನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಪ್ರಶ್ನೆ: ಶಹಾಪುರ ತಾಲ್ಲೂಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ನಾಲ್ಕು ಎಕರೆ ಭತ್ತ. 24 ಎಚ್‌ಪಿ ಟ್ರಾಕ್ಟರ್ ಜೊತೆ ಐದು ಅಡಿ ರೋಟಾವೇಟರ್ ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಾರೆ ಡೀಲರ್. ಅಗಲ ಹೆಚ್ಚಿದ್ದರೆ ಕೆಲಸ ಬೇಗ ಮುಗಿಯುತ್ತದಲ್ಲವೇ? ಗದ್ದೆಯಲ್ಲಿ ಹೂತು ಹೋಗುತ್ತದೆಂಬ ಭಯವೂ ಇದೆ.

ಉತ್ತರ: ಅಗಲ ಹೆಚ್ಚಾದರೆ ಕೆಲಸ ಬೇಗ ಎಂದು ಯಾರಿಗೂ ಅನಿಸುತ್ತದೆ. ಎಂಜಿನ್ನಿಗೆ ಆ ತಾಕತ್ತು ಇದ್ದರೆ ಅದು ಸರಿಯೇ.

ಇಲ್ಲಿ ನೋಡಬೇಕಾದ್ದು ಪಿಟಿಒ ಎಚ್‌ಪಿ (ಟ್ರಾಕ್ಟರಿನ ಹಿಂಬದಿಯ ತಿರುಗುವ ದಂಡದಿಂದ ಯಂತ್ರಕ್ಕೆ ಸಿಗುವ ಶಕ್ತಿ). ಡೀಲರ್ ಹೇಳುವ 24 ಎಂಜಿನ್ನಿನ ಲೆಕ್ಕ, ಹಿಂದೆ ಬರುವುದು ಅದಕ್ಕಿಂತ ಕಡಿಮೆ. 24 ಎಚ್‌ಪಿಯ ಎರಡು ಬೇರೆ ಮಾದರಿಗಳ ಪಿಟಿಒ ಎಚ್‌ಪಿ ಒಂದೇ ಇರಬೇಕೆಂದಿಲ್ಲ. ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರಾಕ್ಟರ್‌ಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ನಿಮ್ಮ ಮಾದರಿಯ ಪರೀಕ್ಷಾ ವರದಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಐದು ಅಡಿ ರೋಟಾವೇಟರ್ 35–40 ಎಚ್‌ಪಿ ಟ್ರಾಕ್ಟರಿಗೆ ಹೊಂದುವಂಥದ್ದು. ನಿಮ್ಮದಕ್ಕೆ ನಾಲ್ಕು ಅಡಿಯೇ ಸರಿ, ಒಣ ಎರೆಯಲ್ಲಿ ಓಡಿಸುವುದಾದರೆ ಮೂರೂವರೆ ಅಡಿ. ದೊಡ್ಡದನ್ನು ಹಾಕಿದರೆ ಎಂಜಿನ್ ಉಸಿರುಗಟ್ಟಿ ಕಪ್ಪು ಹೊಗೆ ಬಿಡುತ್ತದೆ, ಬ್ಲೇಡು ಆಳಕ್ಕಿಳಿಯದೆ ಮೇಲಷ್ಟೇ ಕೆರೆಯುತ್ತದೆ. ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು: ರೋಟಾವೇಟರನ್ನು ಪೂರ್ತಿ ಮೇಲೆತ್ತಿಸಿ, ಮುಂದಿನ ಚಕ್ರದ ಹತ್ತಿರ ಕೂತು ನೋಡಿ. ಟೈರು ನೆಲಕ್ಕೆ ಗಟ್ಟಿಯಾಗಿ ಒತ್ತಿಕೊಂಡಿಲ್ಲದಿದ್ದರೆ ಆ ಯಂತ್ರ ಈ ಟ್ರಾಕ್ಟರಿಗೆ ಭಾರ. ಬದುವಿನ ಮೇಲೆ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಗದ್ದೆಯ ಭಯಕ್ಕೆ ಸಮಾಧಾನವಿದೆ. ಹಗುರ ಟ್ರಾಕ್ಟರ್ ದೊಡ್ಡದಕ್ಕಿಂತ ಕಡಿಮೆ ಹೂಳುತ್ತದೆ, ಗದ್ದೆಯ ಗಟ್ಟಿ ತಳವನ್ನೂ ಕೆಡಿಸುವುದಿಲ್ಲ. ಕೇಜ್ ವ್ಹೀಲ್ (ಕೆಸರಿನಲ್ಲಿ ತೇಲಿಸುವ ಕಬ್ಬಿಣದ ಪಂಜರದ ಚಕ್ರ) ಹಾಕಿಕೊಳ್ಳಿ, ರಸ್ತೆಗೆ ಬರುವಾಗ ಬಿಚ್ಚಿ. ಆದರೆ ಕೋಲು ಇಳಿಸಿ ನೋಡಿದಾಗ ಕೆಸರು ಮೊಣಕಾಲು ದಾಟುವ ಗದ್ದೆಯಿದ್ದರೆ ಅದಕ್ಕೆ ಮಾತ್ರ ದೊಡ್ಡದನ್ನೇ ಕರೆಸಿ. ಭೀಮರಾಯನಗುಡಿಯ ಕೃಷಿ ಕಾಲೇಜು ನಿಮಗೆ ಹತ್ತಿರ, ಯಂತ್ರ ಕೊಳ್ಳುವ ಮುಂಚೆ ಅಲ್ಲೊಮ್ಮೆ ಮಾತಾಡಿಸಿ ಬನ್ನಿ.

ಪ್ರಶ್ನೆ: ನಾನು ಸುರಪುರ ಕಡೆಯ ತಾಯಿ. ಮಗನಿಗೆ ಇಪ್ಪತ್ತೊಂದು ವರ್ಷ. ಸಣ್ಣ ಟ್ರಾಕ್ಟರ್ ತಂದು ತಿಂಗಳಾಗಿದೆ. ಕಾಲುವೆ ದಂಡೆ ಮೇಲೆ ಓಡಿಸಿಕೊಂಡು ಹೋಗುತ್ತಾನೆ, ಕೂಲಿಯವರನ್ನು ಟ್ರಾಲಿಯಲ್ಲಿ ಕೂರಿಸಿಕೊಂಡು ಬರುತ್ತಾನೆ. "ಸಣ್ಣದು ಬೀಳಲ್ಲವ್ವ" ಅನ್ನುತ್ತಾನೆ. ಅವನು ಮನೆಗೆ ಬರುವ ತನಕ ನನ್ನ ಜೀವ ಜೀವದಲ್ಲಿ ಇರುವುದಿಲ್ಲ. ನನ್ನದು ಅತಿ ಹೆದರಿಕೆಯೇ?

ಉತ್ತರ: ಅಲ್ಲ ತಾಯಿ, ನಿಮ್ಮದು ಅತಿ ಹೆದರಿಕೆಯಲ್ಲ. ನೀವು ಹೆದರುತ್ತಿರುವುದು ಸರಿಯಾದದ್ದಕ್ಕೇ. ಸಣ್ಣ ಟ್ರಾಕ್ಟರೂ ಬೀಳುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಕಿರಿದಾದಷ್ಟೂ ಅದು ಪಕ್ಕಕ್ಕೆ ಉರುಳುವುದು ಸುಲಭ. ಆದರೆ ಕೆಲವು ಅಭ್ಯಾಸ ರೂಢಿಯಾದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಈ ಪತ್ರಿಕೆಯನ್ನು ಮಗನ ಕೈಗೇ ಕೊಡಿ.

ಕಾಲುವೆ ಎಷ್ಟು ಆಳವೋ ಅಷ್ಟು ದೂರ ಅಂಚಿನಿಂದ ಒಳಗಿರಬೇಕು. ಆರು ಅಡಿ ಆಳವಿದ್ದರೆ ಆರು ಅಡಿ ದೂರ. ನೀರು ಕುಡಿದ ಎರೆ ದಂಡೆ ಮೇಲಿನಿಂದ ಗಟ್ಟಿ ಕಂಡರೂ ಒಳಗೆ ಕುಸಿಯುತ್ತದೆ. ರಸ್ತೆಗೆ ಬಂದೊಡನೆ ಎರಡೂ ಬ್ರೇಕ್ ಪೆಡಲನ್ನು ಕೊಂಡಿ ಹಾಕಿ ಸೇರಿಸಬೇಕು. ವೇಗದಲ್ಲಿ ಒಂದು ಪೆಡಲ್ ಮಾತ್ರ ತುಳಿದರೆ ಟ್ರಾಕ್ಟರ್ ಗಕ್ಕನೆ ಒಂದೇ ಕಡೆ ತಿರುಗಿ ಮಗುಚುತ್ತದೆ.

ಕೆಸರಿನಲ್ಲಿ ಸಿಕ್ಕಿಕೊಂಡಾಗ ಹಿಂದಿನ ಚಕ್ರಕ್ಕೆ ಅಡ್ಡ ಕಟ್ಟಿಗೆ ಕಟ್ಟಿ ಗೇರ್ ಹಾಕುವವರಿದ್ದಾರೆ. ಇದನ್ನು ಮಾತ್ರ ಎಂದೂ ಮಾಡಕೂಡದೆಂದು ಮಗನಿಂದ ಮಾತು ತೆಗೆದುಕೊಳ್ಳಿ. ಚಕ್ರ ತಿರುಗಲಾರದೆ ನಿಂತರೆ ಎಂಜಿನ್ನಿನ ಬಲಕ್ಕೆ ಟ್ರಾಕ್ಟರಿನ ಮೂತಿಯೇ ಮೇಲೆದ್ದು, ಓಡಿಸುವವನ ಮೇಲೆ ಹಿಂದಕ್ಕೆ ಬೀಳುತ್ತದೆ. ಜಿಗಿಯಲು ಸಮಯ ಸಿಗುವುದಿಲ್ಲ. ಟ್ರಾಲಿಯನ್ನೋ ಮರದ ದಿಮ್ಮಿಯನ್ನೋ ಮೇಲಿನ ಕೊಂಡಿಗೆ ಕಟ್ಟಿ ಎಳೆದರೂ ಹೀಗೇ ಆಗುತ್ತದೆ. ಎಳೆಯುವುದೆಲ್ಲ ಕೆಳಗಿನ ಕೊಂಡಿಯಿಂದಲೇ ಆಗಬೇಕು. ಹೂತಾಗ ಹಿಮ್ಮುಖವಾಗಿ ಬರಲು ನೋಡಲಿ, ಬಾರದಿದ್ದರೆ ಇನ್ನೊಂದು ಟ್ರಾಕ್ಟರ್ ಕರೆಸಲಿ.

ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು, ಧೋತರದ ಚುಂಗು ಸಿಕ್ಕರೆ ಬಿಡಿಸಿಕೊಳ್ಳಲು ಆಗುವುದೇ ಇಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಕವಚವನ್ನು ಬಿಚ್ಚಿ ಮೂಲೆಗಿಟ್ಟಿದ್ದರೆ ಇವತ್ತೇ ಹಾಕಿಸಿ. ಬ್ಲೇಡಿಗೆ ಸುತ್ತಿದ ಹುಲ್ಲು ತೆಗೆಯುವಾಗ ಎಂಜಿನ್ ಆರಿಸಿ, ಕೀಲಿ ಜೇಬಿನಲ್ಲಿಟ್ಟುಕೊಳ್ಳಬೇಕು.

ಟ್ರಾಲಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಹೆಚ್ಚುಕಡಿಮೆಯಾದರೆ ವಿಮೆಯವರೂ ಕೈಚೆಲ್ಲುತ್ತಾರೆ. ಹತ್ತಿ ಬಿಡಿಸಲು ಬರುವ ಹೆಣ್ಣುಮಕ್ಕಳಿಗೂ ಮನೆಯಲ್ಲಿ ಕಾಯುವವರಿದ್ದಾರೆ. ಅವರಿಗೆ ಆಟೋ ಬಾಡಿಗೆ ಕೊಡುವುದನ್ನು ಕೂಲಿಯ ಲೆಕ್ಕಕ್ಕೇ ಸೇರಿಸಿ.

ಮಗನಿಗೆ ಓಡಿಸುವುದು ಬರುತ್ತದೆ, ಕ್ರಮವಾಗಿ ಕಲಿತರೆ ಇನ್ನೂ ಒಳ್ಳೆಯದು. ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆಯಿದೆ, ರೈತರ ಮಕ್ಕಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಬಯ್ದು ಕಳಿಸಬೇಡಿ, ಮನೆಯ ಯಂತ್ರದ ಜವಾಬ್ದಾರಿ ನಿನ್ನದೇ ಎಂದು ಹೇಳಿ ಕಳಿಸಿ.

ಪ್ರಶ್ನೆ: ಯಾದಗಿರಿ ಸಂತೆಯ ದಿನ ಒಬ್ಬರು ನಾಲ್ಕು ವರ್ಷದ ಹಳೆಯ ಸಣ್ಣ ಟ್ರಾಕ್ಟರ್ ತೋರಿಸಿದರು. ಬೆಲೆ ಹೊಸದರ ಅರ್ಧ. ಮೋಸ ಹೋದೇನೆಂಬ ಹೆದರಿಕೆ.

ಉತ್ತರ: ಹಳೆಯದು ಕೊಳ್ಳುವುದು ಕೆಟ್ಟ ಆಲೋಚನೆಯಲ್ಲ, ಸಾಲದ ಹೊರೆ ಹಗುರಾಗುತ್ತದೆ. ಮೋಸದ ಹೆದರಿಕೆ ಇರುವುದೂ ಒಳ್ಳೆಯದೇ, ಅದು ನಿಮ್ಮನ್ನು ಎಚ್ಚರದಲ್ಲಿಡುತ್ತದೆ.

ಬೆಳಿಗ್ಗೆ ಅವರು ಚಾಲೂ ಮಾಡುವ ಮುಂಚೆಯೇ ಹೋಗಿ ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಕಾಯಿಸಿಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬರುತ್ತೇನೆಂದು ಹೇಳಿ. ತಣ್ಣಗಿದ್ದಾಗ ಮೊದಲ ಕೀಲಿಗೇ ಚಾಲೂ ಆಗಬೇಕು, ಆಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಹಿಂದೆ ರೋಟಾವೇಟರ್ ಎತ್ತಿಸಿ ಎಂಜಿನ್ ಆರಿಸಿ, ಹತ್ತು ನಿಮಿಷ ನಿಂತು ನೋಡಿ. ಅದು ತಾನಾಗಿ ಬೇಗ ಕೆಳಗಿಳಿದರೆ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಭಾರ ಎತ್ತುವ ವ್ಯವಸ್ಥೆ) ಸವೆದಿದೆ, ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಎಂಜಿನ್, ಚಾಸಿ ನಂಬರುಗಳನ್ನು ಆರ್‌ಸಿ ಜೊತೆ ನೀವೇ ಓದಿ ಹೊಂದಿಸಿ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್‌ನ ಹೆಸರಿದ್ದರೆ ಸಾಲ ತೀರಿದ ಪತ್ರ ತಂದು ಆರ್‌ಟಿಒ ಕಚೇರಿಯಲ್ಲಿ ಆ ಹೆಸರು ತೆಗೆಸುವ ತನಕ ಮುಂಗಡವನ್ನೂ ಕೊಡಬೇಡಿ.