ಪಾಪೆ ಯಾಕೆ ಕಪ್ಪು? ಹತ್ತನೇ ತರಗತಿಯ ಒಂದು ಪಾಠದ ಅನುಭವ

ಅಭ್ಯಾಸ ಬೋಧನೆಯ ಮೂರನೇ ವಾರ ಹುಲಕೋಟಿಯ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ 'ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು' ಘಟಕ ನನ್ನ ಪಾಲಿಗೆ ಬಂತು. ನನಗೆ ಖುಷಿಯೇ ಆಯಿತು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು, ಕಣ್ಣಿನ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಪುಸ್ತಕ ನೋಡದೆ ಬರೆಯಬಲ್ಲೆ. ಪಾಠಯೋಜನೆ ಬರೆದೆ, ಡ್ರಾಯಿಂಗ್ ಶೀಟಿನಲ್ಲಿ ಬಣ್ಣದ ಚಾರ್ಟ್ ಮಾಡಿದೆ, ಭಾಗಗಳ ಹೆಸರುಗಳನ್ನು ಪಟ್ಟಿ ಕತ್ತರಿಸಿ ಅಂಟಿಸಿದೆ. ಪಾಠ ಯೋಜನೆಯಂತೆಯೇ ನಡೆಯುತ್ತಿತ್ತು. ಕೊನೆಯ ಐದು ನಿಮಿಷದಲ್ಲಿ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಟೀಚರ್ರ, ಪಾಪಿ ಅಂದ್ರ ತೂತು ಅಂದ್ರಿ. ಒಳಗ ರಕ್ತ ಐತಿ ಅಂದ್ರಿ. ಮತ್ತ ಎಲ್ಲಾರ ಪಾಪೀನೂ ಕರ್ರಗ ಯಾಕ ಕಾಣತೈತ್ರಿ?"

"ಒಳಗೆ ಕತ್ತಲೆ ಇರುತ್ತದೆ, ಅದಕ್ಕೆ" ಎಂದೆ. ಗಂಟೆ ಹೊಡೆಯಿತು, ಬಚಾವಾದೆ. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ನಮೂನೆ ತುಂಬುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಏನೂ ಅನ್ನಲಿಲ್ಲ. ನಮೂನೆಯ ಕೆಳಗೆ ಒಂದು ಸಾಲು ಬರೆದಿದ್ದರು: 'ಕತ್ತಲೆ ಇದ್ದರೆ ನಮಗೆ ಕಾಣುವುದು ಹೇಗೆ?'

ಈ ಲೇಖನ ಆ ಸಾಲಿಗೆ ನಾನು ಹುಡುಕಿದ ಉತ್ತರ.

ಪಾಪೆಯ ಮೂಲಕ ಬೆಳಕು ಒಳಗೆ ಹೋಗುತ್ತದೆ, ಅಕ್ಷಿಪಟಲದ ಮೇಲೆ ಬೀಳುತ್ತದೆ, ಅದರಲ್ಲಿ ಒಂದಿಷ್ಟು ಪ್ರತಿಫಲಿಸಿ ಹೊರಗೂ ಬರುತ್ತದೆ. ಆದರೆ ಮಸೂರ ಇರುವುದರಿಂದ ಆ ಬೆಳಕು ಬಂದ ದಾರಿಯನ್ನೇ ಹಿಡಿದು ಮರಳುತ್ತದೆ. ಅದನ್ನು ನೋಡಬೇಕಾದರೆ ಬೆಳಕು ಬರುವ ದಾರಿಯಲ್ಲೇ ನಮ್ಮ ಕಣ್ಣು ಇರಬೇಕು. ಅಲ್ಲಿ ತಲೆ ಇಟ್ಟರೆ ನಾವೇ ಬೆಳಕಿಗೆ ಅಡ್ಡ. ಹಾಗಾಗಿ ಕಪ್ಪು. ಫ್ಲಾಶ್ ಹಾಕಿ ತೆಗೆದ ಹಳೆಯ ಮದುವೆ ಆಲ್ಬಮ್ಮಿನಲ್ಲಿ ಕೆಲವರ ಕಣ್ಣು ಕೆಂಡದ ಹಾಗೆ ಕಾಣುವುದು ಇದೇ ಕಾರಣಕ್ಕೆ: ಅಲ್ಲಿ ಫ್ಲಾಶ್ ಕ್ಯಾಮೆರಾದ ಮಸೂರದ ಪಕ್ಕದಲ್ಲೇ ಇರುತ್ತದೆ.

ಈ ಗಂಟನ್ನು ಬಿಚ್ಚಿದವನು ಹರ್ಮನ್ ಹೆಲ್ಮ್‌ಹೋಲ್ಟ್ಸ್. 1850ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ, ವಯಸ್ಸು 29. ಸಂಶೋಧನೆ ಮಾಡಲು ಹೊರಟಿದ್ದನಲ್ಲ, ತನ್ನ ವಿದ್ಯಾರ್ಥಿಗಳಿಗೆ ಪಾಠ ತಯಾರಿ ಮಾಡುತ್ತಿದ್ದ. ಕಣ್ಣಿನಿಂದ ಬೆಳಕು ಮರಳಿ ಬರುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸುವುದು ಹೇಗೆಂದು ಯೋಚಿಸುತ್ತಿದ್ದ. ಓರೆಯಾಗಿ ಹಿಡಿದ ಗಾಜು ಪಕ್ಕದ ದೀಪದ ಬೆಳಕನ್ನು ಕಣ್ಣಿನೊಳಗೆ ತಿರುಗಿಸುತ್ತದೆ, ಮರಳಿ ಬರುವ ಬೆಳಕಿನಲ್ಲಿ ಸ್ವಲ್ಪ ಅದೇ ಗಾಜಿನ ಮೂಲಕ ನೋಡುವವನಿಗೆ ತಲುಪುತ್ತದೆ. 1851ರಲ್ಲಿ ಅವನು ಪ್ರಕಟಿಸಿದ ಈ ಉಪಕರಣವೇ ನೇತ್ರದರ್ಶಕ. ಜೀವಂತ ಮನುಷ್ಯನ ಅಕ್ಷಿಪಟಲವನ್ನು ವೈದ್ಯರು ಸ್ಪಷ್ಟವಾಗಿ ನೋಡತೊಡಗಿದ್ದು ಅಲ್ಲಿಂದ. ಪಾಠಯೋಜನೆ ಬರೆದು ಬೇಸತ್ತ ದಿನಗಳಲ್ಲಿ ಈ ಸಂಗತಿ ನೆನಪಾದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಡಬ್ಬಿ ಕಣ್ಣು

ಮರುದಿನಕ್ಕೆ ಚಪ್ಪಲಿ ಡಬ್ಬಿಯೊಂದನ್ನು ತಂದು, ಒಳಗೆ ಹಿಂಬದಿಗೆ ಕೆಂಪು ಕಾಗದ ಅಂಟಿಸಿ, ಮುಂದೆ ತೂತು ಕೊರೆದೆ. ತೂತು ಕಪ್ಪಾಗಿಯೇ ಕಂಡಿತು. ಗೆದ್ದೆ ಎಂದುಕೊಂಡು ಮಾರ್ಗದರ್ಶಕರಿಗೆ ತೋರಿಸಿದರೆ ಅವರು ಪಕ್ಕದಿಂದ ಮೊಬೈಲಿನ ಟಾರ್ಚ್ ಹಿಡಿದರು. ಒಳಗಿನ ಕೆಂಪು ತಟ್ಟನೆ ಕಂಡಿತು. "ನೋಡವಾ, ನಿನ್ನ ಡಬ್ಬಿ ಕರ್ರಗ ಕಂಡದ್ದು ಒಳಗ ಬೆಳಕು ಕಡಿಮಿ ಅಂತ. ಕಣ್ಣಾಗ ಮಸೂರ ಐತಿ. ನಿನ್ನ ಡಬ್ಬ್ಯಾಗ ಎಲ್ಲೈತಿ?" ಅಂದರು. ಸರಿಯಾದ ಫಲಿತಾಂಶ, ತಪ್ಪು ಕಾರಣ. ಇಂಥ ಮಾದರಿ ತರಗತಿಗೆ ಹೋಗಿದ್ದರೆ ನನ್ನ 'ಕತ್ತಲೆ'ಯ ಉತ್ತರವನ್ನೇ ಅದು ಗಟ್ಟಿ ಮಾಡುತ್ತಿತ್ತು.

ಎರಡನೇ ಡಬ್ಬಿಯ ತೂತಿಗೆ ಪ್ರಯೋಗಾಲಯದ 10 ಸೆಂ.ಮೀ. ಸಂಗಮದೂರದ ಪೀನ ಮಸೂರವನ್ನು ಕೂಡಿಸಿದೆ, ಅದರ ಮುಂದೆ ಒಂದೂವರೆ ಸೆಂ.ಮೀ. ತೂತಿನ ಕಪ್ಪು ಕಾಗದ. ಕೆಂಪು ಕಾಗದವನ್ನು ಮಸೂರದಿಂದ ಸರಿಯಾಗಿ 10 ಸೆಂ.ಮೀ. ದೂರಕ್ಕೆ ತಂದು, ಅದರ ಮೇಲೆ ಸ್ಕೆಚ್ ಪೆನ್ನಿನಿಂದ ರಕ್ತನಾಳಗಳ ಗೆರೆ ಎಳೆದೆ. ಈಗ ಪಕ್ಕದಿಂದ ಟಾರ್ಚ್ ಹಿಡಿದರೂ ತೂತು ಬಹುಮಟ್ಟಿಗೆ ಕಪ್ಪಾಗಿಯೇ ಉಳಿಯಿತು, ಏಕೆಂದರೆ ಓರೆಯಿಂದ ಬಂದ ಬೆಳಕು ಕಾಗದದ ಬೇರೆಡೆ ಬೀಳುತ್ತದೆ, ನಾವು ನೋಡುವ ಜಾಗದಲ್ಲಿ ಅಲ್ಲ. ನೋಡುವವರ ಕಣ್ಣ ಮುಂದೆ ಸೂಕ್ಷ್ಮದರ್ಶಕದ ಗಾಜಿನ ಸ್ಲೈಡನ್ನು 45 ಡಿಗ್ರಿ ಓರೆ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟಾಗ ತೂತು ಕೆಂಪಗೆ ಹೊಳೆಯಿತು.

ತರಗತಿಯಲ್ಲಿ ನಾಲ್ಕು ಗುಂಪು, ನಾಲ್ಕು ಡಬ್ಬಿ. ಗಾಜನ್ನು ಮೊದಲು ಕೊಡಲಿಲ್ಲ. "ಟಾರ್ಚ್ ಎಲ್ಲಿ ಹಿಡಿದರೆ ಒಳಗಿನ ಬಣ್ಣ ಕಾಣುತ್ತದೆ, ನೀವೇ ಹುಡುಕಿ" ಎಂದೆ. ಹತ್ತು ನಿಮಿಷ ಗದ್ದಲ. ಒಬ್ಬ ಹುಡುಗ ಟಾರ್ಚನ್ನು ತನ್ನ ಹುಬ್ಬಿಗೆ ಒತ್ತಿ ಹಿಡಿದು "ಕಂಡಿತ್ರಿ!" ಎಂದು ಕೂಗಿದ. ಇನ್ನೊಬ್ಬ, ರಾತ್ರಿ ಬೈಕಿನ ಲೈಟಿಗೆ ನಾಯಿಯ ಕಣ್ಣು ಹೊಳೆಯುವುದನ್ನು ನೆನಪಿಸಿದ. (ನಾಯಿಗೆ ಅಕ್ಷಿಪಟಲದ ಹಿಂದೆ ಬೆಳಕನ್ನು ಹಿಂದಿರುಗಿಸುವ ಹೊಳಪಿನ ಪದರವೇ ಇದೆ, ಅದಕ್ಕೇ ಅಷ್ಟು ಹೊಳಪು.) ಆಮೇಲೆ ಸ್ಲೈಡ್ ಕೊಟ್ಟೆ. ಒಂದು ಸ್ಲೈಡಿಗಿಂತ ಮೂರನ್ನು ಜೋಡಿಸಿ ಹಿಡಿದರೆ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. ಹೆಲ್ಮ್‌ಹೋಲ್ಟ್ಸ್ ಕೂಡ ಒಂದಕ್ಕಿಂತ ಹೆಚ್ಚು ಗಾಜು ಜೋಡಿಸಿದ್ದ. ಕಂಡ ಗೆರೆಗಳನ್ನು ಬರೆಯಲು ಹೇಳಿದಾಗ ಪ್ರತಿಯೊಬ್ಬರ ಚಿತ್ರದಲ್ಲೂ ಒಂದೊಂದು ತುಣುಕು ಮಾತ್ರ ಇತ್ತು. ಈ ತುಣುಕುಗಳೇ ಮುಂದಿನ ಪಾಠಕ್ಕೆ ಬಾಗಿಲಾದವು. ಯಾರೂ ಟಾರ್ಚನ್ನು ಗೆಳೆಯರ ಕಣ್ಣಿಗೆ ಬಿಡಬಾರದು ಎಂದು ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದೆ. ಈ ಪಾಠ ಮಾಡುವವರು ಅದನ್ನು ಮರೆಯಬೇಡಿ.

ಗಾಜಿನಿಂದ ಕ್ಯಾಮೆರಾಕ್ಕೆ

ಅಕ್ಷಿಪಟಲದ ಫೋಟೊ ತೆಗೆಯುವ ಯಂತ್ರಕ್ಕೂ ನಮ್ಮ ಡಬ್ಬಿಯ ತೊಂದರೆಯೇ ಇದೆ, ಜೊತೆಗೆ ಇನ್ನೆರಡು. ಕಣ್ಣಿನ ಮುಂದಿನ ಕಾರ್ನಿಯಾ ಕನ್ನಡಿಯಂತೆ ಹೊಳೆದು ಚಿತ್ರ ಕೆಡಿಸುತ್ತದೆ. ಅದಕ್ಕೆ ಬೆಳಕನ್ನು ಉಂಗುರದ ಆಕಾರದಲ್ಲಿ ಪಾಪೆಯ ಅಂಚಿನಿಂದ ಬಿಟ್ಟು, ನಡುವಿನಿಂದ ಚಿತ್ರ ತೆಗೆಯುತ್ತಾರೆ. ಬೆಳಕು ಬಿದ್ದ ಕೂಡಲೇ ಪಾಪೆ ಕುಗ್ಗುತ್ತದೆ. ಅದಕ್ಕೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ನಾಭಿ ಹೊಂದಿಸಿಕೊಂಡು, ಆಮೇಲೆ ಒಂದೇ ಮಿಂಚು.

ಇಂಥ ಯಂತ್ರ ಬಹುಕಾಲ ದೊಡ್ಡ ಆಸ್ಪತ್ರೆಗಳ ಸೊತ್ತಾಗಿತ್ತು. ಬೆಂಗಳೂರಿನಲ್ಲಿ 2010ರಲ್ಲಿ ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ ರಾವ್ ಎಂಬ ಇಬ್ಬರು ಎಂಜಿನಿಯರ್‌ಗಳು ಫೋರಸ್ ಹೆಲ್ತ್ ಎಂಬ ಸಣ್ಣ ಕಂಪನಿ ಕಟ್ಟಿ, ಊರೂರಿಗೆ ಒಯ್ಯಬಹುದಾದ 'ತ್ರಿನೇತ್ರ' ಎಂಬ ಉಪಕರಣ ಮಾಡಿದರು. ಹೊಸ ಬಳಕೆದಾರರೂ ಕಲಿತು ನಡೆಸಬಹುದಾದದ್ದು. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯ ಅಕ್ಷಿಪಟಲ ದೋಷ ಇಂಥವನ್ನು ಮೊದಲ ಹಂತದಲ್ಲೇ ಶೋಧಿಸುವುದು ಉದ್ದೇಶ. ತೆಗೆದ ಚಿತ್ರವನ್ನು ವಿಶ್ಲೇಷಿಸುವ ತಂತ್ರಾಂಶದ ಕೆಲಸದಲ್ಲಿ ಐಐಟಿ ಮದ್ರಾಸಿನ ಆರೋಗ್ಯ ತಂತ್ರಜ್ಞಾನ ಕೇಂದ್ರ ಕೈಜೋಡಿಸಿತು. ಕಂಪನಿಗೆ ಯಂತ್ರ ಮಾಡಿ ಮಾರುವುದು ಗೊತ್ತು. ಚಿತ್ರದ ಗಣಿತಕ್ಕೆ ವರ್ಷಗಟ್ಟಲೆ ಕೂರುವವರು ವಿಶ್ವವಿದ್ಯಾಲಯದಲ್ಲಿ ಸಿಗುತ್ತಾರೆ. ಯಾವ ಚಿತ್ರ ರೋಗದ್ದು, ಯಾವುದು ಅಲ್ಲ ಎಂದು ಹೇಳಬೇಕಾದವರು ಆಸ್ಪತ್ರೆಯವರು. ಒಬ್ಬರಿಂದ ಆಗುವ ಕೆಲಸವಲ್ಲ.

ಇಷ್ಟು ಹೇಳುವಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಅಂದ್ರ ನಮ್ಮೂರ ಸೊಸೈಟಿ ಇದ್ದಾಂಗ ಏನ್ರಿ?" ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿದ ಜಿಲ್ಲೆ ನಮ್ಮದು, ಮಕ್ಕಳಿಗೆ ಈ ಹೋಲಿಕೆ ಹೊಳೆಯದೆ ಇರುತ್ತದೆಯೇ? ಅರ್ಧ ಹೌದು, ಅರ್ಧ ಅಲ್ಲ ಎಂದೆ. ಸೊಸೈಟಿಯಲ್ಲಿ ಲಾಭ ಸದಸ್ಯರದ್ದು, ಇಲ್ಲಿ ಕಂಪನಿಗೆ ಬಂಡವಾಳ ಹಾಕಿದವರದ್ದು. ಹೆಚ್ಚು ಹತ್ತಿರದ ಹೋಲಿಕೆ ಮುಯ್ಯಾಳು: ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು. ಆದರೆ ಮುಯ್ಯಿ ತೀರುವುದು ತಡವಾದರೆ ಸಣ್ಣ ಕಂಪನಿ ಅಷ್ಟರಲ್ಲಿ ಮುಳುಗಿರುತ್ತದೆ. ಅದಕ್ಕೇ ಸರ್ಕಾರಗಳು ಆರಂಭದ ಅಪಾಯದ ಹಣವನ್ನು ಕೊಡುತ್ತವೆ: ಅಮೆರಿಕದಲ್ಲಿ 1982ರ ಸಣ್ಣ ಉದ್ಯಮ ಸಂಶೋಧನಾ ಕಾಯ್ದೆ, ವಿಶ್ವವಿದ್ಯಾಲಯದ ಜೊತೆಗಾರಿಕೆಗೆಂದೇ 1992ರ ಇನ್ನೊಂದು ಯೋಜನೆ, ನಮ್ಮಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ 2005ರ ಯೋಜನೆ. ಇದನ್ನು ಮಕ್ಕಳಿಗೆ ಎರಡೇ ವಾಕ್ಯದಲ್ಲಿ ಹೇಳಿದೆ, ಅಷ್ಟೇ ಸಾಕು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕಥೆಗೆ ತರಗತಿ ಮೌನವಾಯಿತು. ಅವುಗಳ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ, ಕೆಲವೇ ವಾರಗಳಲ್ಲಿ ಹಿಡಿಯದಿದ್ದರೆ ಕುರುಡು ಖಾಯಂ ಆಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ತಜ್ಞರು ದೂರದಿಂದಲೇ ನೋಡುತ್ತಾರೆ. ಮೊದಲು ವಿದೇಶಿ ಕ್ಯಾಮೆರಾ, ಅದು ಬಹಳ ದುಬಾರಿ. ನಂತರ ಫೋರಸ್ ಕೂಸುಗಳಿಗೆಂದೇ 120 ಡಿಗ್ರಿ ನೋಟದ ಕ್ಯಾಮೆರಾ ಮಾಡಿತು. 'ಡಿಗ್ರಿ ಯಾಕೆ ಬೇಕು?' ಎಂದು ಕೇಳಿದ್ದಕ್ಕೆ ಮಕ್ಕಳು ತಮ್ಮ ತುಣುಕು ಚಿತ್ರಗಳನ್ನೇ ಎತ್ತಿ ತೋರಿಸಿದರು. ಕೂಸಿನ ರೋಗ ಅಂಚಿನಿಂದ ಆರಂಭವಾಗುತ್ತದೆ, ನಡು ಮಾತ್ರ ನೋಡಿದರೆ ತಪ್ಪಿಹೋಗುತ್ತದೆ.

ಒಂದು ಲೆಕ್ಕ

ಕೊನೆಯ ಅವಧಿಗೆ ಲೆಕ್ಕ ಇಟ್ಟುಕೊಂಡಿದ್ದೆ. ಬೆಂಗಳೂರಿನದೇ ಇನ್ನೊಂದು ಕಂಪನಿ ರೆಮಿಡಿಯೊ ಮೊಬೈಲ್ ಫೋನಿಗೆ ಜೋಡಿಸುವ ಅಕ್ಷಿಪಟಲ ಕ್ಯಾಮೆರಾ ಮಾಡಿದೆ. ಚೆನ್ನೈನ ಡಾ. ಮೋಹನ್ಸ್ ಮಧುಮೇಹ ಕೇಂದ್ರದಲ್ಲಿ ಅದರಿಂದ 301 ಜನರ ಚಿತ್ರ ತೆಗೆದು, ಕ್ಯಾಲಿಫೋರ್ನಿಯಾದ ಐನುಕ್ ಎಂಬ ಸಣ್ಣ ಕಂಪನಿಯ ತಂತ್ರಾಂಶಕ್ಕೆ ಕೊಟ್ಟರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: ತಜ್ಞರು ರೋಗ ಎಂದವರಲ್ಲಿ 95.8% ಮಂದಿಯನ್ನು ತಂತ್ರಾಂಶವೂ ಹಿಡಿದಿತ್ತು. ರೋಗವಿಲ್ಲ ಎಂದವರಲ್ಲಿ 80.2% ಮಂದಿಯನ್ನು ಸರಿಯಾಗಿ ಬಿಟ್ಟಿತ್ತು.

ಲೆಕ್ಕಕ್ಕೆಂದು 1000 ಸಕ್ಕರೆ ಕಾಯಿಲೆಯವರು, ಅವರಲ್ಲಿ 200 ಮಂದಿಗೆ ಅಕ್ಷಿಪಟಲ ದೋಷ ಎಂದು ಇಟ್ಟುಕೊಂಡೆವು. ಸುಮಾರು 192 ಮಂದಿ ಸಿಗುತ್ತಾರೆ, 8 ಮಂದಿ ತಪ್ಪುತ್ತಾರೆ. ದೋಷವಿಲ್ಲದ 800 ಮಂದಿಯಲ್ಲಿ ಸುಮಾರು 158 ಮಂದಿಯನ್ನು ಸುಮ್ಮನೆ ಆಸ್ಪತ್ರೆಗೆ ಕಳಿಸುತ್ತೇವೆ. ಯಾವ ತಪ್ಪು ದೊಡ್ಡದು? ಹೆಚ್ಚಿನವರು 8 ಅಂದರು. ಒಬ್ಬ ಹುಡುಗ ಒಪ್ಪಲಿಲ್ಲ: "158 ಮಂದಿ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಹೋಗ್ಬೇಕಲ್ರಿ. ಒಮ್ಮೆ ಸುಮ್ನ ಹೋದವ್ರು ಇನ್ನೊಮ್ಮೆ ಹೋಗಂಗಿಲ್ರಿ." ಇದಕ್ಕೆ ನನ್ನ ಪಾಠಯೋಜನೆಯಲ್ಲಿ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

ಆಗ ನಾನು ಯೋಜನೆಯಲ್ಲಿ ಬರೆಯದ ಒಂದು ಮಾತು ಹೇಳಿದೆ. ನಮ್ಮ ಅಜ್ಜಿಗೆ ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಕಣ್ಣು ಮಬ್ಬಾಯಿತು ಎಂದಾಗ ಮನೆಯವರೆಲ್ಲ ಪರಿ ಬಂದಿದೆ, ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು ಎಂದೆವು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷ. ಪರಿಯೂ ಇತ್ತು, ಆದರೆ ಅದರ ಹಿಂದೆ ಅಕ್ಷಿಪಟಲದ ನಾಳಗಳು ಸೋರುತ್ತಿದ್ದವು. ನೋವಿಲ್ಲದ ರೋಗ ಅದು. ಕರೆದುಕೊಂಡು ಹೋಗುವಷ್ಟರಲ್ಲಿ ಬಲಗಣ್ಣಿನೊಳಗೆ ರಕ್ತ ತುಂಬಿತ್ತು. ಆ ಕಣ್ಣು ಮರಳಲಿಲ್ಲ. ಕಣ್ಣಿನ ಚಿತ್ರಕ್ಕೆ ಪೂರ್ತಿ ಅಂಕ ತೆಗೆದವಳು ಅದೇ ಮನೆಯಲ್ಲಿದ್ದಳು.

ಪಾಪೆಯ ಪ್ರಶ್ನೆ ಕೇಳಿದ ಹುಡುಗಿ ಗಂಟೆಯಾದ ಮೇಲೆ ಮೇಜಿನ ಹತ್ತಿರ ಬಂದಳು. "ನಮ್ಮ ಅಜ್ಜನೂ ಪರಿ ಹಣ್ಣಾಗ್ಲಿ ಅಂತ ಕುಂತಾನ್ರಿ." ಸಕ್ರಿ ಬ್ಯಾನಿ ಐತೇನು ಎಂದು ಕೇಳಿದೆ. ಗುಳಿಗಿ ತಗೋತಾನ್ರಿ ಎಂದಳು. ಅಪ್ಪನಿಗೆ ಹೇಳು, ಗದಗಿಗೆ ಈ ವಾರವೇ ಕರೆದುಕೊಂಡು ಹೋಗಲಿ, ಪಾಪೆ ಹಿಗ್ಗಿಸಿ ಒಳಗೆ ನೋಡಿ ಎಂದು ಕೇಳಲಿ ಎಂದೆ. ವಾರದ ಮೇಲೆ ವಿಚಾರಿಸಿದಾಗ, ಹತ್ತಿ ಬಿಡಿಸುವುದು ಮುಗಿದ ಮೇಲೆ ಎಂದು ಅಪ್ಪ ಹೇಳಿದರಂತೆ. ಅವರ ಮನೆಗೆ ನಾನೇ ಒಮ್ಮೆ ಹೋಗಿಬಂದೆ. ಅಜ್ಜ ಕಟ್ಟೆಯ ಮೇಲೆ ಕೂತಿದ್ದರು, ಡಬ್ಬಿ ಕಣ್ಣನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಹೋಗುವ ದಿನವನ್ನು ಗೊತ್ತುಮಾಡಿಸಿಕೊಂಡೇ ಎದ್ದೆ. ಆ ದಿನ ನನ್ನ ಅಭ್ಯಾಸ ಬೋಧನೆ ಮುಗಿದ ನಂತರದ್ದು.

ಪರಿಷ್ಕರಿಸಿದ ಯೋಜನೆಯಲ್ಲಿ ಈ ಪಾಠಕ್ಕೆ ಎರಡರ ಬದಲು ಮೂರು ಅವಧಿ ಬರೆದಿದ್ದೇನೆ, ಚಾರ್ಟ್ ಕೈಬಿಟ್ಟಿದ್ದೇನೆ. 'ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಒಳಭಾಗವನ್ನು ಕೊನೆಯ ಸಲ ಯಾವಾಗ ನೋಡಿಸಿದ್ದೀರಿ?' ಎಂಬುದನ್ನು ಮನೆಗೆಲಸದ ಮೊದಲ ಪ್ರಶ್ನೆ ಮಾಡಿದ್ದೇನೆ. ನಾಲ್ಕು ಡಬ್ಬಿಗಳು ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿವೆ. ಮಸೂರಗಳನ್ನು ಬಿಚ್ಚಿ ಹಿಂದಿರುಗಿಸಬೇಕಾಯಿತು, ಮುಂದೆ ಪಾಠ ಮಾಡುವವರು ಮತ್ತೆ ಕೂಡಿಸಿಕೊಳ್ಳಬೇಕು.