ತಾಯಿಯ ನೆನಪಿನ ನಡಿಗೆ: ವರ್ಷದೊಳಗೆ ಹೋಗಬಹುದೇ?

ಪ್ರಶ್ನೆ: ನಮ್ಮ ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡು ಏಳು ತಿಂಗಳಾಯಿತು. ಗಂಟು ಕೈಗೆ ಸಿಕ್ಕಿದ್ದನ್ನು ನಾಚಿಕೆಯಿಂದ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಬರುವ ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ರೋಗಿಗಳ ಸಹಾಯಾರ್ಥವಾಗಿ ಐದು ಕಿಲೋಮೀಟರ್ ನಡಿಗೆ ಇದೆ. ಅಮ್ಮನ ನೆನಪಿಗೆ ನಾನೂ ತಮ್ಮನೂ ನಡೆಯಬೇಕು ಅಂತಿದ್ದೇವೆ. ಆದರೆ ಆ ಭಾನುವಾರವೇ ಅಮ್ಮನ ಮಾಸಿಕ ಬಂದಿದೆ. ವರ್ಷ ತುಂಬುವ ಮೊದಲು ಇಂಥದ್ದಕ್ಕೆಲ್ಲ ಹೋಗಬಾರದು ಎಂದು ಸೋದರತ್ತೆ ಹೇಳುತ್ತಾರೆ. ನಾನು ಮದುವೆಯಾದ ಮಗಳು, ಶ್ರಾದ್ಧದಲ್ಲಿ ನನಗೆ ಮಾಡಲು ಏನೂ ಇಲ್ಲ. ಈ ನಡಿಗೆಯ ಪುಣ್ಯ ಅಮ್ಮನಿಗೆ ಸಲ್ಲುತ್ತದೆಯೇ? ಅಮ್ಮನ ಫೋಟೊ ಇರುವ ಟೀ ಶರ್ಟ್ ಹಾಕಿಕೊಳ್ಳಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸಂದೇಹಗಳಿವೆ. ಒಂದೊಂದಾಗಿ ನೋಡೋಣ.

ಮೊದಲು ಮಾಸಿಕದ ವಿಷಯ. ನಿಮ್ಮ ತಮ್ಮ ಕರ್ತೃ. ಅವರು ಆ ದಿನ ನಡಿಗೆಗೆ ಬರೋದು ಬೇಡ. ಶ್ರಾದ್ಧದ ಊಟ ಮಾಡಿದವರು ಆ ದಿನ ಬಿಡಬೇಕಾದ ಎಂಟು ಕೆಲಸಗಳನ್ನು ಧರ್ಮಶಾಸ್ತ್ರ ಎಣಿಸುತ್ತದೆ: ಮತ್ತೆ ಊಟ, ದಾರಿ ನಡೆಯೋದು, ಭಾರ ಹೊರೋದು, ಅಧ್ಯಯನ, ಸ್ತ್ರೀಸಂಗ, ದಾನ ಕೊಡೋದು, ದಾನ ತಗೊಳ್ಳೋದು, ಹೋಮ. ನೋಡಿ, ಇದರಲ್ಲಿ ನಡಿಗೆಯೂ ಇದೆ, ದಾನವೂ ಇದೆ! ಆ ದಿನ ದೇಹ, ಮನಸ್ಸು ಎರಡೂ ಪಿತೃಕಾರ್ಯಕ್ಕೇ ಮೀಸಲು ಅನ್ನೋದು ಇದರ ತಾತ್ಪರ್ಯ. ಬೆಳಗ್ಗೆ ಬೇಗ ನಡೆದು ಮುಗಿಸಿ, ಆಮೇಲೆ ಮಾಸಿಕಕ್ಕೆ ಕೂರಬಹುದಲ್ಲ ಎಂದು ನೀವು ಕೇಳಬಹುದು. ಶ್ರಾದ್ಧಕ್ಕೆ ಅಪರಾಹ್ಣ ಕಾಲ ಮುಖ್ಯ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು ಅದು. ಸೂರ್ಯೋದಯ 6 ಗಂಟೆಗಿದ್ದರೆ ಸುಮಾರು ಮಧ್ಯಾಹ್ನ 1.12ರಿಂದ 3.36ರವರೆಗೆ. ಅಲ್ಲಿಯವರೆಗೆ ಕರ್ತೃ ಉಪವಾಸ ಇರಬೇಕು. ಖಾಲಿ ಹೊಟ್ಟೆಯಲ್ಲಿ ಐದು ಕಿಲೋಮೀಟರ್ ನಡೆದು, ಸುಸ್ತಾಗಿ ಬಂದು ಪಿಂಡದ ಮುಂದೆ ತೂಕಡಿಸೋದು ಅಮ್ಮನಿಗೆ ಸಲ್ಲಿಸುವ ಗೌರವ ಆಗೋದಿಲ್ಲ. ತಮ್ಮ ಇನ್ನೊಂದು ದಿನ ನಡೆಯಲಿ. ನಡಿಗೆಯ ತಾರೀಖು ತಪ್ಪಿದರೆ ನಷ್ಟವಿಲ್ಲ, ತಿಥಿ ತಪ್ಪಬಾರದು.

ಎರಡನೆಯದು, ವರ್ಷದ ನಿಯಮ. ನಿಮ್ಮ ಸೋದರತ್ತೆಯ ಮಾತು ಗಾಳಿಗೆ ಬಂದದ್ದಲ್ಲ. ಮೊದಲ ವರ್ಷ ಹಬ್ಬ, ಉತ್ಸವ, ಮಂಗಳಕಾರ್ಯಗಳಿಂದ ದೂರ ಇರುವ ನಿಯಮ ಕರ್ತೃವಾದ ಮಗನಿಗಿದೆ. ಮದುವೆಯಾದ ಮಗಳಿಗೆ ತಂದೆತಾಯಿಯ ಮರಣದಲ್ಲಿ ಮೂರು ದಿನದ ಅಶೌಚ. ಅದು ಕಳೆದ ಮೇಲೆ ಆ ವರ್ಷದ ನಿಯಮ ಶಾಸ್ತ್ರರೀತ್ಯಾ ನಿಮಗೆ ಬರೋದಿಲ್ಲ. ಮನೆತನದ ಪದ್ಧತಿ ಬೇರೆ ಇದ್ದರೆ ನಿಮ್ಮ ಪುರೋಹಿತರನ್ನು ಕೇಳಿಕೊಳ್ಳಿ. ಇನ್ನು, ರೋಗಿಗಳ ಸಹಾಯಕ್ಕೆ ನಡೆಯೋದು ಉತ್ಸವ ಹೇಗಾಗುತ್ತದೆ? ಶುರುವಿನಲ್ಲಿ ಹಾಡು, ಕುಣಿತ ಇಟ್ಟಿರುತ್ತಾರೆ. ಮನಸ್ಸಿಗೆ ಬಾರದಿದ್ದರೆ ಅದು ಮುಗಿದ ಮೇಲೆ ಹೋಗಿ ಸೇರಿಕೊಳ್ಳಿ. ಆ ಮಧ್ಯಾಹ್ನ ತವರಿನಲ್ಲಿ ಮಾಸಿಕದ ಊಟಕ್ಕೆ ಕೂರೋದಿದ್ದರೆ, ನಡಿಗೆ ಮುಗಿಸಿ ಮತ್ತೆ ಸ್ನಾನ ಮಾಡಿ, ಹೊತ್ತಿಗೆ ಮುಂಚೆ ಅಲ್ಲಿರಿ.

ಮೂರನೆಯದು, ಪುಣ್ಯ ಸಲ್ಲುವ ಪ್ರಶ್ನೆ. ಇಲ್ಲಿ ಒಂದು ವ್ಯತ್ಯಾಸ ಚೆನ್ನಾಗಿ ತಿಳಿಯಬೇಕು. ಶ್ರಾದ್ಧ ಹೋದವರಿಗೆ ಕೊಡುವ ಅನ್ನ. ನಡಿಗೆಯಿಂದ ಸೇರುವ ಹಣ ಇರುವವರಿಗೆ ಕೊಡುವ ನೆರವು. ಇದಕ್ಕೆ ಹಿರಿಯರು ‘ಪೂರ್ತ’ ಅಂದರು: ಕೆರೆ, ಬಾವಿ, ತೋಪು, ಅರವಟ್ಟಿಗೆ, ಅನ್ನಸತ್ರ. ಎಷ್ಟು ನಡೆದರೂ ಅದು ಶ್ರಾದ್ಧಕ್ಕೆ ಬದಲಿ ಆಗೋದಿಲ್ಲ. ಶ್ರಾದ್ಧ ಮಾಡಿದೆವು, ಇನ್ನೇನೂ ಬೇಡ ಅನ್ನೋದೂ ಸರಿಯಲ್ಲ. ಶ್ರಾದ್ಧಕ್ಕೆ ಇಂಥವರೇ ಕರ್ತೃ ಎಂಬ ಕ್ರಮ ಇದೆ. ಪೂರ್ತಕ್ಕೆ ಹೆಂಗಸರು, ಗಂಡಸರು ಎನ್ನದೆ ಎಲ್ಲರಿಗೂ ಅಧಿಕಾರ. ನನಗೆ ಮಾಡಲು ಏನೂ ಇಲ್ಲ ಅಂದಿರಲ್ಲ, ನಿಮ್ಮ ಪಾಲಿನದು ಇಲ್ಲಿದೆ. ಶ್ರಾದ್ಧದಲ್ಲಿಯೂ ನೀವು ಹೊರಗಿನವರಲ್ಲ. ಅಲ್ಲಿ ಪವಿತ್ರವಾದ ಮೂರನ್ನು ಹೇಳುವಾಗ ಎಳ್ಳು ಮತ್ತು ಕುತಪಕಾಲದ ಜೊತೆಗೆ ದೌಹಿತ್ರನನ್ನೂ, ಅಂದರೆ ಮಗಳ ಮಗನನ್ನೂ, ಮನುಸ್ಮೃತಿ ಎಣಿಸಿದೆ.

ಇದು ವಿದೇಶದಿಂದ ಬಂದ ಪದ್ಧತಿ ಎಂದು ಕೆಲವರು ಮೂಗು ಮುರಿಯುತ್ತಾರೆ. ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡಿದ್ದ ಟೆರಿ ಫಾಕ್ಸ್ ಎಂಬ ಕೆನಡಾದ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲೇ 143 ದಿನ ಓಡಿ, ಸಂಶೋಧನೆಗೆ ಹಣ ಕೂಡಿಸಿದ. ರೋಗ ಮರುಕಳಿಸಿ ಮರುವರ್ಷ ತೀರಿಕೊಂಡ. ಅವನ ನೆನಪಿನ ಓಟ ಇವತ್ತಿಗೂ ನಡೆಯುತ್ತಿದೆ. ನಡಿಗೆಯ ರೂಪ ಹೊರಗಿನದು, ನಿಜ. ಭಾವ ನಮಗೆ ಹೊಸದಲ್ಲ. ನಮ್ಮ ಹಳೆಯ ಕನ್ನಡ ಶಾಸನಗಳಲ್ಲಿ ‘ಪರೋಕ್ಷವಿನಯ’ ಎಂಬ ಮಾತು ಸಿಗುತ್ತದೆ: ಕಣ್ಣಿಂದ ಮರೆಯಾದವರಿಗೆ ಸಲ್ಲಿಸುವ ಗೌರವ. ಮದರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಂಗಿ 1923ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ದುಃಖ ಮರೆಯದೆ ದುಡಿದು 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆಯನ್ನು ಅವರು ಆರಂಭಿಸಿದರು. ಮೂವತ್ತು ವರ್ಷ ಹಿಡಿದ ಪರೋಕ್ಷವಿನಯ ಅದು.

ನಾಲ್ಕನೆಯದು, ಟೀ ಶರ್ಟ್. ಇದಕ್ಕೆ ಶಾಸ್ತ್ರ ಹುಡುಕಬೇಕಿಲ್ಲ, ವಿವೇಕ ಸಾಕು. ಅಮ್ಮನ ಮುಖ ಬೆವರಲ್ಲಿ ನೆನೆಯುತ್ತದೆ, ವಾಷಿಂಗ್ ಮೆಷಿನ್‌ನಲ್ಲಿ ತಿರುಗುತ್ತದೆ, ವರ್ಷ ಕಳೆದರೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಒಂದು ಚೀಟಿಯಲ್ಲಿ ಅಮ್ಮನ ಹೆಸರು ಬರೆದು ಎದೆಗೆ ಪಿನ್ ಮಾಡಿಕೊಳ್ಳಿ. ಫೋಟೊ ಮನೆಯ ಗೋಡೆಯ ಮೇಲಿರಲಿ.

ನಡೆಯುವ ಕ್ರಮ ಹೀಗಿರಲಿ. ಬೆಳಗ್ಗೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ. ಒಂದು ಉದ್ಧರಣೆ ನೀರು ಕೈಯಲ್ಲಿ ಹಿಡಿದು ಅಂದಿನ ತಿಥಿ, ತಾಯಿಯ ಗೋತ್ರ, ಹೆಸರು ಹೇಳಿ. ತಾಯಿಯ ಗೋತ್ರ ಅಂದರೆ ನಿಮ್ಮ ತವರಿನ ಗೋತ್ರ, ನಿಮ್ಮ ಗಂಡನ ಮನೆಯದಲ್ಲ. ಅವರ ಪ್ರೀತಿಗಾಗಿ ರೋಗಿಗಳಿಗೆ ಈ ದ್ರವ್ಯ ಕೊಡುತ್ತೇನೆ ಎಂದು ಕನ್ನಡದಲ್ಲೇ ಸಂಕಲ್ಪ ಮಾಡಿ, ಕೃಷ್ಣಾರ್ಪಣ ಎಂದು ನೀರು ಬಿಡಿ. ಶೈವರು ಶಿವಾರ್ಪಣ ಅನ್ನಲಿ. ದಾರಿಯಲ್ಲಿ ನಾಮಸ್ಮರಣೆ ಇರಲಿ. ಕಾಲಲ್ಲಿ ಶೂ ಇದ್ದರೆ ಅದಕ್ಕೆ ದೋಷವಿಲ್ಲ.

ಕೊಡುವ ಹಣ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ವಿಚಾರಿಸಿ. ದಾನಕ್ಕೆ ದೇಶ, ಕಾಲ, ಪಾತ್ರ ನೋಡಬೇಕು ಎಂದು ಶಾಸ್ತ್ರವೇ ಹೇಳಿರುವಾಗ, ರಸೀದಿ ಕೇಳೋದು ಅಶ್ರದ್ಧೆಯಲ್ಲ. ನೋಂದಣಿ ಶುಲ್ಕವೆಲ್ಲ ಪದಕಕ್ಕೂ ಬ್ಯಾನರಿಗೂ ಮುಗಿದುಹೋಗುವಂತಿದ್ದರೆ ಬೇರೆಯಾಗಿ ಇಷ್ಟು ಎತ್ತಿಡಿ. ಕಿದ್ವಾಯಿಯಂಥ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ಬಂದವರಿಗೆ ಔಷಧದ ಖರ್ಚಿನ ಜೊತೆಗೆ ಊಟ, ಬಸ್ಸು, ಇರಲು ಜಾಗ ಎಲ್ಲವೂ ಚಿಂತೆಯೇ.

ಕೊನೆಗೆ ಒಂದು ಮಾತು. ದಾನಗಳಲ್ಲಿ ಅಭಯದಾನ ದೊಡ್ಡದು. ನಿಮ್ಮ ತಾಯಿ ಆರು ತಿಂಗಳು ಬಾಯಿ ಬಿಡದೇ ಇದ್ದರಲ್ಲ, ಹಾಗೆ ಸುಮ್ಮನಿರುವ ಹೆಂಗಸರು ಇವತ್ತಿಗೂ ನಮ್ಮ ಮನೆಗಳಲ್ಲಿದ್ದಾರೆ. 30 ವರ್ಷ ದಾಟಿದವರಿಗೆ ಸ್ತನ, ಗರ್ಭಕಂಠ ಮತ್ತು ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವಿದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ನಡಿಗೆ ಮುಗಿಸಿ ಬಂದ ಮೇಲೆ ನಿಮ್ಮ ಅತ್ತೆಗೆ, ನಾದಿನಿಗೆ, ಮನೆಗೆಲಸಕ್ಕೆ ಬರುವವಳಿಗೆ ಈ ವಿಷಯ ಹೇಳಿ. ಬೇಡ ಅಂದ ಸೋದರತ್ತೆಗೂ ಹೇಳಿ. ನಾಚಿಕೊಂಡು ಕೂತವರನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ. ಅವರಲ್ಲಿ ಒಬ್ಬರಿಗೆ ಕಾಯಿಲೆ ಬೇಗ ಗೊತ್ತಾಗಿ ವಾಸಿಯಾದರೂ ಸಾಕು, ಅದು ನಿಮ್ಮ ತಾಯಿಯ ಹೆಸರಿನಲ್ಲಿ ಕೊಟ್ಟ ಅಭಯದಾನ. ಧೈರ್ಯವಾಗಿ ನಡೆಯಿರಿ.